ಗುಡ್ಡದ ನೀರಿಗೆ ಬೈಲೇ ದಾರಿ

ನಮ್ಮ ಕರಾವಳಿಯಲ್ಲಿ ಜಾಗದ ಮಾತು ಬಂದರೆ ಲೆಕ್ಕ ಸೆಂಟ್ಸಿನಲ್ಲಿ. ಐದು ಸೆಂಟ್ಸ್ ಸಿಕ್ಕಿದರೆ ಸಾಕು, ಒಂದು ಮನೆ ಕಟ್ಟಬಹುದು. ಅದೇ ಐದು ಸೆಂಟ್ಸಿಗೆ ಮಳೆಯ ಲೆಕ್ಕವನ್ನೂ ಹಾಕಿ ನೋಡೋಣ. ಒಂದು ಸೆಂಟ್ಸ್ ಅಂದರೆ ಸುಮಾರು 40 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಜುಲೈಯಲ್ಲಿ ಮಳೆ ಹಿಡಿದ ದಿನ 100 ಮಿಲಿಮೀಟರ್ ಸುರಿಯುವುದು ಮಂಗಳೂರು, ಉಡುಪಿಯವರಿಗೆ ಹೊಸತಲ್ಲ. ಅಂಥ ಒಂದು ದಿನ ಐದು ಸೆಂಟ್ಸಿನ ಮೇಲೆ ಬೀಳುವ ನೀರು 20,000 ಲೀಟರ್. ವರ್ಷದ ಮಳೆ 3,500 ಮಿಲಿಮೀಟರ್ ಅಂತ ಇಟ್ಟುಕೊಂಡರೂ ಏಳು ಲಕ್ಷ ಲೀಟರ್ ಆಯಿತು.

ಇಷ್ಟು ನೀರು ಎಲ್ಲಿಗೆ ಹೋಗಬೇಕು? ಜಾಗ ಯಾವುದಕ್ಕೆ ಬಳಸಬೇಕು ಅಂತ ತೀರ್ಮಾನಿಸುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು. ಅದನ್ನು ನಾವು ಕೊನೆಗೆ ಕೇಳುತ್ತೇವೆ, ಅದೂ ಮನೆಯೊಳಗೆ ನೀರು ನುಗ್ಗಿದ ಮೇಲೆ.

ನಮ್ಮ ನೆಲದ ರಚನೆಯನ್ನು ಸ್ವಲ್ಪ ನೋಡಿ. ಮೇಲೆ ಮುರಕಲ್ಲಿನ ಗುಡ್ಡ, ಪದವು. ಮುರಕಲ್ಲಿನಲ್ಲಿ ತೂತು, ಬಿರುಕು ಜಾಸ್ತಿ. ಮಳೆನೀರು ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಕೆಳಗಿನ ಪದರದಲ್ಲಿ ಶೇಡಿ ಮಣ್ಣು, ನುಣ್ಣನೆಯ ಜೇಡಿ. ಅದನ್ನು ದಾಟಿ ಇಳಿಯುವುದು ನೀರಿಗೆ ಕಷ್ಟ. ಹಾಗಾಗಿ ಅದರ ಮೇಲೆಯೇ ಓರೆಯಾಗಿ ಸರಿದು, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ಅಲ್ಲಿಂದ ಗದ್ದೆ, ತೋಡು ಅನ್ನುವ ಸಣ್ಣ ಹಳ್ಳ, ಹೊಳೆ, ಸಮುದ್ರ. ಎತ್ತರದ ಬೆಟ್ಟು ಗದ್ದೆಗೆ ಮಳೆಗಾಲದ ಒಂದೇ ಬೆಳೆ, ನಡುವಿನ ಮಜಲಿಗೆ ಎರಡು. ತಗ್ಗಿನ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ ತೆಗೆಯುತ್ತಿದ್ದರು. ನೀರು ಎಲ್ಲಿ ಎಷ್ಟು ದಿನ ನಿಲ್ಲುತ್ತದೆ ಅನ್ನುವುದನ್ನು ನೋಡಿಯೇ ಜಾಗದ ಬಳಕೆ ತೀರ್ಮಾನವಾಗುತ್ತಿತ್ತು.

ಗದ್ದೆ ಬರೀ ಅಕ್ಕಿ ಕೊಡುವ ಜಾಗವಲ್ಲ. ಹುಣಿಯೊಳಗೆ (ಗದ್ದೆಯ ಬದುವಿನೊಳಗೆ) 10 ಸೆಂಟಿಮೀಟರ್ ನೀರು ನಿಂತರೆ ಒಂದು ಎಕರೆಯಲ್ಲಿ ನಾಲ್ಕು ಲಕ್ಷ ಲೀಟರ್ ನಿಂತಂತೆ. ಆ ನೀರು ಒಂದಷ್ಟು ನಿಧಾನವಾಗಿ ಕೆಳಗಿನ ಗದ್ದೆಗೆ ಇಳಿಯುತ್ತದೆ, ಒಂದಷ್ಟು ಬಾವಿಗಳಿಗೆ ಸೇರುತ್ತದೆ. ಅದೇ ಎಕರೆಗೆ ಮಣ್ಣು ತುಂಬಿಸಿ, ಮನೆಗಳೆದ್ದು, ಅಂಗಳಕ್ಕೆ ಇಂಟರ್‌ಲಾಕ್ ಹಾಕಿದರೆ ಬಿದ್ದ ಮಳೆಯ ಹೆಚ್ಚಿನ ಭಾಗ ಕೂಡಲೇ ತೋಡಿಗೆ ಓಡುತ್ತದೆ. ತೋಡು ಮಾತ್ರ ಮೊದಲಿನಷ್ಟೇ ಅಗಲ. ಎಷ್ಟೋ ಕಡೆ ಅಷ್ಟೂ ಉಳಿದಿಲ್ಲ. ಇನ್ನು ಅದೇ ಹೊತ್ತಿಗೆ ಸಮುದ್ರದಲ್ಲಿ ಉಬ್ಬರ ಇದ್ದರೆ ಹೊಳೆ ಆ ನೀರನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದೂ ಇಲ್ಲ.

2018ರ ಮೇ 29ರಂದು ಮಂಗಳೂರಿನಲ್ಲಿ, 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ನೆರೆ ಬಂತು. ಉಡುಪಿಯಲ್ಲಿ ಕಲ್ಸಂಕ, ಗುಂಡಿಬೈಲು, ಶ್ರೀಕೃಷ್ಣ ಮಠದ ಸುತ್ತಮುತ್ತ ಎಲ್ಲ ನೀರು. ಅಷ್ಟೊಂದು ಮಳೆ ಒಮ್ಮೆಲೇ ಸುರಿದರೆ ಯಾವ ಊರಿಗೂ ಕಷ್ಟವೇ. ಆದರೆ ನೀರು ಹೋಗಿ ನಿಂತದ್ದು ಎಲ್ಲಿ? ಹೆಚ್ಚಾಗಿ ತಗ್ಗಿನಲ್ಲಿ, ತೋಡಿನ ಬದಿಯಲ್ಲಿ. ಹಿಂದೆಯೂ ಅಲ್ಲೇ ನಿಲ್ಲುತ್ತಿತ್ತು. ಆಗ ಅಲ್ಲಿ ಗದ್ದೆ ಇತ್ತು, ಈಗ ಜನ ಇದ್ದಾರೆ.

ನಕ್ಷೆಯ ಕಡೆಗೆ ಬರೋಣ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಾಸ್ಟರ್ ಪ್ಲಾನ್ ತಯಾರಾಗುತ್ತದೆ. ವಸತಿಗೆ ಒಂದು ಬಣ್ಣ, ಕೈಗಾರಿಕೆಗೆ ಒಂದು, ಕೃಷಿಗೆ ಒಂದು. ಕೃಷಿ ಜಾಗದಲ್ಲಿ ಮನೆ ಕಟ್ಟಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಇದೆ. ಆ ಭೂಪರಿವರ್ತನೆ ನಮ್ಮ ಬಾಯಲ್ಲಿ ‘ಕನ್ವರ್ಶನ್’. ಅರ್ಜಿ ಒಂದೊಂದು ಸರ್ವೆ ನಂಬರಿಗೆ ಬೇರೆ ಬೇರೆ. ಇವತ್ತು ಹತ್ತು ಸೆಂಟ್ಸ್, ಮುಂದಿನ ವರ್ಷ ಪಕ್ಕದ ಹದಿನೈದು. ಒಂದೊಂದನ್ನೇ ನೋಡಿದರೆ ಯಾವುದರಲ್ಲೂ ದೋಷ ಕಾಣುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ನೋಡಿದರೆ ಒಂದು ಬೈಲೇ ಮುಚ್ಚಿಹೋಗಿರುತ್ತದೆ.

ಗದ್ದೆ ಮಾರಿದವರನ್ನು ನಾನು ದೂರುವುದಿಲ್ಲ. ಭೂಸುಧಾರಣೆಯಲ್ಲಿ ಗೇಣಿದಾರರ ಕೈಗೆ ಬಂದ ತುಂಡು ಭೂಮಿ ಮಕ್ಕಳ ಪಾಲಾಗುತ್ತಾ ಇನ್ನೂ ಚಿಕ್ಕದಾಯಿತು. ನಾಟಿಗೆ ಆಳು ಸಿಗುವುದಿಲ್ಲ, ಮಕ್ಕಳು ಮುಂಬೈಯಲ್ಲೋ ಗಲ್ಫಿನಲ್ಲೋ ಇದ್ದಾರೆ. ಮನೆ ಕಟ್ಟಬೇಕೆಂದು ಐದು ಸೆಂಟ್ಸ್ ಕೊಳ್ಳುವವರ ಆಸೆಯೂ ಸಣ್ಣದೇ ಅಲ್ವಾ?

ಆದರೆ ಪೆಟ್ಟು ಬೀಳುವುದು ಉಳಿದವರಿಗೆ. ತೋಡಿಗೆ ಅಡ್ಡಲಾಗಿ ಕಟ್ಟಿದ ಕಿಂಡಿ ಅಣೆಕಟ್ಟನ್ನೇ ತೆಗೆದುಕೊಳ್ಳಿ. ಮಳೆಗಾಲ ಮುಗಿದು ತೋಡಿನ ಹರಿವು ಕಡಿಮೆಯಾಗುವಾಗ ಅದರ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಬೇಕು. ಎರಡು ಸಾಲಿನ ನಡುವೆ ಮಣ್ಣು ತುಂಬಿ ಗಟ್ಟಿಯಾಗಿ ತುಳಿಯಬೇಕು. ಸಂದಿನಲ್ಲಿ ನೀರು ಜಿನುಗಿದರೆ ಮತ್ತೆ ಮಣ್ಣು ಮೆತ್ತಬೇಕು. ಮುಂದಿನ ಮಳೆಗಾಲ ಶುರುವಾಗುವ ಮೊದಲು ಅಷ್ಟೂ ಹಲಗೆ ತೆಗೆದು ಒಣ ಜಾಗದಲ್ಲಿ ಜೋಡಿಸಿಡಬೇಕು. ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ, ಬೈಲಿನವರೆಲ್ಲ ಸೇರಬೇಕು. ಅರ್ಧ ಬೈಲು ಬೇಸಾಯವಿಲ್ಲದೆ ಹಡಿಲು ಬಿದ್ದು, ಕಾಲು ಭಾಗಕ್ಕೆ ಮಣ್ಣು ಬಿದ್ದರೆ ಸೇರುವವರು ಯಾರು? ಹಲಗೆ ಇಳಿಸದ ವರ್ಷ ತೋಡು ಬೇಗ ಒಣಗುತ್ತದೆ. ಅದರ ಹಿಂದೆ ಬಾವಿಗಳೂ ಇಳಿಯುತ್ತವೆ. ಗದ್ದೆಯನ್ನೇ ಮೆಟ್ಟದವರ ಬಾವಿಯೂ ಇಳಿಯುತ್ತದೆ. ಮಳೆಗಾಲದಲ್ಲಿ ನೆರೆ ಕಂಡ ಬಡಾವಣೆಯೇ ಏಪ್ರಿಲಿನಲ್ಲಿ ಟ್ಯಾಂಕರಿಗೆ ಕಾಯುವುದು ಹೀಗೆ.

ಪಣಂಬೂರಿನಲ್ಲಿ ನವಮಂಗಳೂರು ಬಂದರು ಕಟ್ಟುವಾಗ ಊರು ಬಿಟ್ಟವರಿಗೆ ಕಾಟಿಪಳ್ಳ, ಕೃಷ್ಣಾಪುರದಲ್ಲಿ ಜಾಗ ಕೊಟ್ಟರು. ಆ ಒಕ್ಕಲೆಬ್ಬಿಸುವಿಕೆ ಕಣ್ಣಿಗೆ ಕಾಣುವಂಥದ್ದು, ಅದಕ್ಕೊಂದು ಕಡತ ಇತ್ತು. ಸೆಂಟ್ಸ್ ಲೆಕ್ಕದಲ್ಲಿ ಬೈಲು ಕರಗಿ ಬೇಸಾಯ ಬಿಟ್ಟವರಿಗೆ ಕಡತವೂ ಇಲ್ಲ, ಪರಿಹಾರವೂ ಇಲ್ಲ.

ಎತ್ತರದಲ್ಲಿ ಮಾಡಿದ್ದನ್ನು ತಗ್ಗಿನವರು ಅನುಭವಿಸುವುದು ಎಷ್ಟು ಭಯಂಕರವಾಗಿರಬಹುದು ಅನ್ನುವುದನ್ನು ಮಂಗಳೂರಿನ ಮಂದಾರದಲ್ಲಿ ನೋಡಿದ್ದೇವೆ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ರಾಶಿ ಜಾರಿ ಕೆಳಗಿನ ತೆಂಗು, ಕಂಗಿನ ತೋಟಗಳ ಮೇಲೆ ಬಂತು. ಮನೆಗಳನ್ನೂ ಬಿಡಲಿಲ್ಲ. ತಲೆಮಾರುಗಳಿಂದ ಅಲ್ಲಿದ್ದ ಕುಟುಂಬಗಳು ಎದ್ದು ಹೋಗಬೇಕಾಯಿತು. ಕಸ ಹಾಕುವ ಜಾಗವೊಂದೇ ಅಲ್ಲ, ಅದರ ಕೆಳಗಿನ ಇಳಿಜಾರೂ ಒಂದೇ ಯೋಜನೆಯೊಳಗೆ ಬರಬೇಕಿತ್ತು.

ಹಾಗಾದರೆ ಏನು ಮಾಡಬೇಕು? ಒಂದು ತೋಡಿಗೆ ನೀರು ಕೊಡುವ ಗುಡ್ಡ, ಮಜಲು, ಬೈಲು ಎಲ್ಲವನ್ನೂ ಒಂದೇ ಘಟಕ ಅಂತ ಹಿಡಿಯಬೇಕು. ಅದು ಎರಡು ಪಂಚಾಯತಿಗೆ ಸೇರಿದ್ದರೂ ನಕ್ಷೆ ಒಂದೇ ಇರಬೇಕು. ಆ ಘಟಕದಲ್ಲಿ ಎಷ್ಟು ಎಕರೆ ಈಗಾಗಲೇ ಕನ್ವರ್ಶನ್ ಆಗಿದೆ ಅನ್ನುವುದನ್ನು ನೋಡದೆ ಮುಂದಿನ ಅರ್ಜಿಗೆ ಸಹಿ ಬೀಳಬಾರದು. ಗುಡ್ಡ ಸಮತಟ್ಟು ಮಾಡುವವರು ತಮ್ಮ ಮಳೆನೀರನ್ನು ತಮ್ಮಲ್ಲೇ ಇಂಗಿಸಬೇಕು. ಆದರೆ ಕಡಿದ ಶೇಡಿ ಮಣ್ಣಿನ ಅಂಚಿನಲ್ಲಿ ಇಂಗುಗುಂಡಿ ತೋಡಬಾರದು, ಗುಡ್ಡವೇ ಜರಿಯಬಹುದು. ತೋಡಿನ ಅಗಲವನ್ನು ಮಳೆಗಾಲದಲ್ಲಿ ಅಳೆಯಬೇಕು. ಭತ್ತ ಬೆಳೆಯುವವರು ಊರಿಗೆಲ್ಲ ನೀರು ಹಿಡಿದುಕೊಡುತ್ತಾರೆ. ಅದಕ್ಕೆ ಅವರಿಗೆ ಹಣ ಸಲ್ಲಬೇಕು ಅಂತಲೂ ನನ್ನ ಗಟ್ಟಿ ಅಭಿಪ್ರಾಯ.

ಮಾಸ್ಟರ್ ಪ್ಲಾನಿನ ಕರಡು ಹೊರಬಂದಾಗ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯುತ್ತಾರೆ. ಕರಡು ನೋಡಲು ಹೋದಾಗ ನಿಮ್ಮ ಸರ್ವೆ ನಂಬರಿನ ಬಣ್ಣ ಮಾತ್ರ ನೋಡಿ ಬರಬೇಡಿ. ಮೇಲಿನ ಗುಡ್ಡಕ್ಕೆ ಯಾವ ಬಣ್ಣ ಬಳಿದಿದ್ದಾರೆ, ತೋಡಿನ ಗೆರೆ ನಕ್ಷೆಯಲ್ಲಿ ಇದೆಯೋ ಇಲ್ಲವೋ, ಎರಡನ್ನೂ ಕೇಳಿ. ಗೆರೆ ಇಲ್ಲದಿದ್ದರೆ ಅಲ್ಲೇ ಬರೆದು ಕೊಟ್ಟು, ಸ್ವೀಕೃತಿಗೆ ಸೀಲು ಹಾಕಿಸಿಕೊಂಡು ಬನ್ನಿ.