ಉಕ್ರೇನಿಯನ್ನರು ಬಾಳಿದ ನೆಲ: ನಕ್ಷೆ ನಂಬುವ ಮುಂಚೆ

2022ರ ಫೆಬ್ರವರಿ ಕೊನೆಯ ವಾರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಉಕ್ರೇನಿನ ಊರುಗಳ ಹೆಸರು ಬಾಯಿಪಾಠ ಆಗಿಬಿಟ್ಟವು. ಖಾರ್ಕಿವ್, ವಿನ್ನಿತ್ಸಿಯಾ, ಚೆರ್ನಿವ್ಟ್ಸಿ, ಉಜ್‌ಹೊರೊದ್. ಮೆಡಿಕಲ್ ಓದಲು ಹೋದ ಮಕ್ಕಳು ಅಲ್ಲಿದ್ದರು. ಯುದ್ಧ ಶುರುವಾದಾಗ ಕೆಲವರು ಪೋಲೆಂಡ್ ಕಡೆಯಿಂದ, ಕೆಲವರು ಹಂಗೇರಿ ಕಡೆಯಿಂದ, ಇನ್ನು ಕೆಲವರು ರೊಮೇನಿಯಾ ಕಡೆಯಿಂದ ಹೊರಬಂದರು. ಈ ಮೂರೂ ದೇಶಗಳು ಒಂದು ಕಾಲಕ್ಕೆ ಇಂದಿನ ಪಶ್ಚಿಮ ಉಕ್ರೇನಿನ ಒಂದೊಂದು ಭಾಗವನ್ನು ಆಳಿದ್ದವು. ಆ ಊರುಗಳ ಕಥೆ ಒಂದರಂತೆ ಒಂದಿಲ್ಲ ಎನ್ನುವುದಕ್ಕೆ ಇದೂ ಒಂದು ಕಾರಣ.

ಶಾಲಾ ಅಟ್ಲಾಸ್‌ಗಳಿಗೆ ಇತಿಹಾಸದ ನಕ್ಷೆ ಸಿದ್ಧಪಡಿಸುವುದು ನನ್ನ ಕೆಲಸ. "ಉಕ್ರೇನಿಯನ್ನರು ಬಾಳಿದ ಪ್ರದೇಶಗಳು" ಅಂತ ಯಾವುದಾದರೂ ನಕ್ಷೆ ಮೇಜಿಗೆ ಬಂದರೆ ನಾನು ಗಡಿಗೆರೆ ನೋಡುವುದು ಆಮೇಲೆ. ಮೊದಲು ನೋಡುವುದು ಅದು ಯಾವ ವರ್ಷದ್ದು, ಆ ವರ್ಷ ಎಣಿಕೆ ಮಾಡಿದವರು ಜನರನ್ನು ಏನು ಕೇಳಿದ್ದರು ಎಂಬುದನ್ನು. ಇವೆರಡು ಗೊತ್ತಿಲ್ಲದೆ ಅಂಥ ನಕ್ಷೆಯನ್ನು ನಂಬಬಾರದು.

ಇಂದಿನ ಉಕ್ರೇನಿನಲ್ಲಿ 24 ಒಬ್ಲಾಸ್ಟ್‌ಗಳಿವೆ, ನಮ್ಮ ಲೆಕ್ಕದಲ್ಲಿ ಪ್ರಾಂತಗಳು ಅನ್ನಬಹುದು. ಗಲೀಸಿಯಾ, ಪೊಡಿಲ್ಯಾ, ಬುಕೊವಿನಾ, ಸ್ಲೊಬೊಡಾ ಉಕ್ರೇನ್ ಎಂಬ ಹಳೆಯ ಹೆಸರುಗಳು ಆ ಪಟ್ಟಿಯಲ್ಲಿ ಇಲ್ಲ. ಹೆಸರು ಉಳಿದ ಕಡೆಯೂ ಗಡಿ ಹೊಂದುವುದಿಲ್ಲ. ವೊಲಿನ್ ಹೆಸರಿನ ಒಬ್ಲಾಸ್ಟ್ ಇದೆ, ಆದರೆ ಹಳೆಯ ವೊಲಿನ್ ಅದಕ್ಕಿಂತ ದೊಡ್ಡದು. ಪಕ್ಕದ ರಿವ್ನೆಯೂ ಅದರಲ್ಲೇ ಸೇರುತ್ತದೆ.

ಈ ಪ್ರದೇಶಗಳ ನಡುವಿನ ವ್ಯತ್ಯಾಸ ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ಝ್ಬ್ರೂಚ್ ನದಿಯ ದಡಕ್ಕೆ ಹೋಗಬೇಕು. ಡ್ನಿಸ್ಟರ್ ಸೇರುವ ಸಣ್ಣ ನದಿ ಅದು. ಇವತ್ತು ತೆರ್ನೊಪಿಲ್ ಮತ್ತು ಖ್ಮೆಲ್ನಿತ್ಸ್ಕಿ ಒಬ್ಲಾಸ್ಟ್‌ಗಳ ನಡುವೆ ಸುಮ್ನೆ ಹರಿಯುತ್ತದೆ. ಮೊದಲ ಮಹಾಯುದ್ಧದವರೆಗೆ ಮಾತ್ರ ಎರಡು ಸಾಮ್ರಾಜ್ಯಗಳ ಗಡಿ ಅದೇ ಆಗಿತ್ತು. ಪಶ್ಚಿಮ ದಡ ಆಸ್ಟ್ರಿಯಾದ ಗಲೀಸಿಯಾ, ಪೂರ್ವ ದಡ ರಷ್ಯಾದ ಪೊಡಿಲ್ಯಾ. ಎರಡೂ ಕಡೆಯ ರೈತರ ಮನೆಮಾತು ಉಕ್ರೇನಿಯನ್. ಆದರೆ 1876ರಲ್ಲಿ ರಷ್ಯಾದ ದೊರೆ ಎರಡನೇ ಅಲೆಕ್ಸಾಂಡರ್ ಹೊರಡಿಸಿದ ಆದೇಶ ಪೂರ್ವ ದಡದಲ್ಲಿ ಆ ಭಾಷೆಯ ಅಚ್ಚಿನ ಕೆಲಸವನ್ನು ಬಹುತೇಕ ನಿಲ್ಲಿಸಿತು. ಹೊರದೇಶದಲ್ಲಿ ಅಚ್ಚಾದ ಪುಸ್ತಕವನ್ನೂ ಅನುಮತಿ ಇಲ್ಲದೆ ಒಳಗೆ ತರುವಂತಿರಲಿಲ್ಲ. ಪಶ್ಚಿಮ ದಡದಲ್ಲಿ ಅದೇ ಭಾಷೆಯ ಶಾಲೆ, ಪತ್ರಿಕೆ ಎಲ್ಲವೂ ನಡೆಯುತ್ತಿದ್ದವು. ಹಾಗಾಗಿ ಕೀವ್ ಕಡೆಯ ಲೇಖಕರು ಹಸ್ತಪ್ರತಿಗಳನ್ನು ಲ್ವಿವ್‌ಗೆ ಕಳಿಸಿ ಅಚ್ಚು ಹಾಕಿಸುತ್ತಿದ್ದರು. ಇತಿಹಾಸಕಾರ ಮಿಖಾಯ್ಲೊ ಹ್ರುಶೆವ್ಸ್ಕಿ 1894ರಲ್ಲಿ ಕೀವ್ ಬಿಟ್ಟು ಲ್ವಿವ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಲು ಹೋದರು. ಪ್ರಾರ್ಥನೆಯ ರೀತಿಯೂ ಬೇರೆಯಾಯಿತು. ಗಲೀಸಿಯಾದಲ್ಲಿ ಗ್ರೀಕ್ ಕ್ಯಾಥೊಲಿಕ್ ಚರ್ಚು, ಅಂದರೆ ಪೂರ್ವದ ಪೂಜಾವಿಧಿ ಇಟ್ಟುಕೊಂಡೇ ಪೋಪರನ್ನು ಒಪ್ಪುವ ಚರ್ಚು, ಉಳಿಯಿತು. ಪೂರ್ವದಲ್ಲಿ ಅದನ್ನು 1839ರಲ್ಲೇ ಆರ್ಥೊಡಾಕ್ಸ್ ಚರ್ಚಿಗೆ ಸೇರಿಸಿಬಿಟ್ಟಿದ್ದರು. ಒಂದೇ ಜನ, ಒಂದೇ ಭಾಷೆ. ಆದರೂ ನಾಲ್ಕು ತಲೆಮಾರಿನಲ್ಲಿ ಎರಡು ದಡಕ್ಕೂ ಬೇರೆ ಬೇರೆ ಅನುಭವ.

ಪೊಡಿಲ್ಯಾದಲ್ಲೇ ಕಮ್ಯಾನೆಟ್ಸ್-ಪೊಡಿಲ್ಸ್ಕಿ ಎಂಬ ಕೋಟೆಯ ಊರಿದೆ. 1672ರಿಂದ 1699ರವರೆಗೆ ಅದು ಒಟ್ಟೊಮನ್ ತುರ್ಕರ ಕೈಯಲ್ಲಿತ್ತು. ಅಲ್ಲಿನ ಕ್ಯಾಥೊಲಿಕ್ ಚರ್ಚನ್ನು ಮಸೀದಿ ಮಾಡಿ, ಗೋಡೆಗೆ ಒತ್ತಿ ಮಿನಾರ್ ಕಟ್ಟಿದರು. ಊರು ಪೋಲರಿಗೆ ವಾಪಸ್ ಬಂದ ಮೇಲೂ ಮಿನಾರ್ ಉರುಳಲಿಲ್ಲ. 18ನೇ ಶತಮಾನದಲ್ಲಿ ಅದರ ತುದಿಗೆ ಮೇರಿಯ ಪ್ರತಿಮೆ ನಿಲ್ಲಿಸಿದರು. ಇವತ್ತಿಗೂ ಹಾಗೇ ಇದೆ.

ಕಾರ್ಪೇಥಿಯನ್ ಬೆಟ್ಟಗಳ ಆಚೆಗೆ ಉಜ್‌ಹೊರೊದ್. 1910ರಲ್ಲಿ ಅಲ್ಲಿ ಹುಟ್ಟಿ ಊರು ಬಿಡದೆ ಬಾಳಿದವರು ಹಂಗೇರಿಯ ಆಳ್ವಿಕೆ ಕಂಡರು, ಮೊದಲ ಮಹಾಯುದ್ಧದ ನಂತರ ಚೆಕೊಸ್ಲೊವಾಕಿಯಾ ಕಂಡರು, 1938ರ ನವೆಂಬರ್‌ನಲ್ಲಿ ಮತ್ತೆ ಹಂಗೇರಿ, 1945ರಲ್ಲಿ ಸೋವಿಯತ್ ಒಕ್ಕೂಟ. ಆಯಸ್ಸು ಗಟ್ಟಿ ಇದ್ದಿದ್ದರೆ 1991ರಲ್ಲಿ ಸ್ವತಂತ್ರ ಉಕ್ರೇನ್. ಇಲ್ಲಿ ಒಂದು ಎಚ್ಚರ ಬೇಕು. ಈ ಬೆಟ್ಟಸೀಮೆಯ ಎಷ್ಟೋ ಜನ ತಮ್ಮನ್ನು ರುಸಿನ್ ಎಂಬ ಬೇರೆಯೇ ಜನ ಎಂದುಕೊಳ್ಳುತ್ತಾರೆ. ಅವರ ಮೇಲೆ ನಾವು ಕೂತಲ್ಲಿಂದ ಬಣ್ಣ ಬಳಿಯುವುದು ಸರಿಯಲ್ಲ.

ಮಧ್ಯದ ಡ್ನಿಪ್ರೊ ನದಿಯ ಸೀಮೆ, ಕೊಸಾಕ್ ಎಂಬ ಯೋಧ ಸಮುದಾಯದ ನಾಯಕರಾದ ಹೆಟ್ಮನ್‌ಗಳ ನಾಡು, ಎಲ್ಲರಿಗೂ ಸ್ವಲ್ಪ ಗೊತ್ತಿರುವುದೇ. ನಕ್ಷೆ ಮಾಡುವವರಿಗೆ ಕಷ್ಟ ಕೊಡುವುದು ಪೂರ್ವ. 17ನೇ ಶತಮಾನದ ಯುದ್ಧಗಳಿಂದ ಬೇಸತ್ತ ಕೊಸಾಕರು, ರೈತರು ಡ್ನಿಪ್ರೊ ಸೀಮೆಯಿಂದ ಗುಂಪುಗುಂಪಾಗಿ ಪೂರ್ವಕ್ಕೆ ಹೋದರು. ಕ್ರಿಮಿಯಾ ಕಡೆಯ ತಾತಾರರ ದಾಳಿ ತಡೆಯಲು ಮಾಸ್ಕೋಗೆ ಆ ಗಡಿಯಲ್ಲಿ ಜನ ಬೇಕಿತ್ತು. ತೆರಿಗೆ ವಿನಾಯಿತಿ ಕೊಟ್ಟು, ಅವರ ಕೊಸಾಕ್ ಪದ್ಧತಿಯನ್ನೇ ನಡೆಸಿಕೊಳ್ಳಲು ಬಿಟ್ಟು ನೆಲೆ ನಿಲ್ಲಿಸಿದರು. ಹೀಗೆ ಸ್ಲೊಬೊಡಾ ಉಕ್ರೇನ್ ಹುಟ್ಟಿತು. ಅದರ ಐದು ರೆಜಿಮೆಂಟುಗಳು, ಅಂದರೆ ಸೇನೆಯೂ ಆಡಳಿತವೂ ಒಂದೇ ಆಗಿದ್ದ ವಿಭಾಗಗಳು, ಖಾರ್ಕಿವ್, ಸುಮಿ, ಒಖ್ತಿರ್ಕಾ, ಇಜಿಯಮ್, ಒಸ್ತ್ರೊಗೊಜ್ಸ್ಕ್. ಮೊದಲ ನಾಲ್ಕು ಊರುಗಳು ಇಂದಿನ ಉಕ್ರೇನಿನಲ್ಲಿವೆ. ಐದನೆಯದು ರಷ್ಯಾದ ವೊರೊನೆಝ್ ಒಬ್ಲಾಸ್ಟ್‌ನಲ್ಲಿದೆ. ಜನ ನೆಲೆಸಿದ್ದು ಮೊದಲು, ಈ ಗಡಿ ಬಂದದ್ದು ಎಷ್ಟೋ ಕಾಲದ ಮೇಲೆ.

ಇಂದು ರಷ್ಯಾದಲ್ಲಿರುವ ಕುಬಾನ್ ಸೀಮೆ ಇನ್ನೂ ದಕ್ಷಿಣಕ್ಕೆ. 1775ರಲ್ಲಿ ರಾಣಿ ಎರಡನೇ ಕ್ಯಾಥರೀನ್ ಝಾಪೊರೊಝಿಯಾ ಕೊಸಾಕರ ನೆಲೆಯನ್ನು ನಾಶ ಮಾಡಿಸಿದಳು. 1792ರಲ್ಲಿ ಆಕೆಯೇ ಉಳಿದ ಕೊಸಾಕರಿಗೆ ಕುಬಾನ್ ನದಿಯ ಆಸುಪಾಸು ಭೂಮಿ ಕೊಟ್ಟಳು. ಮರುವರ್ಷ ಅವರು ಕಟ್ಟಿದ ಊರೇ ಇಂದಿನ ಕ್ರಾಸ್ನೊದಾರ್. 1926ರ ಸೋವಿಯತ್ ಜನಗಣತಿಯಲ್ಲಿ ಕುಬಾನ್ ಸೇರಿದ ಉತ್ತರ ಕಾಕಸಸ್ ಪ್ರಾಂತದಲ್ಲಿ 30 ಲಕ್ಷಕ್ಕೂ ಜಾಸ್ತಿ ಜನ ತಾವು ಉಕ್ರೇನಿಯನ್ ಎಂದು ಬರೆಸಿದ್ದರು. 1932ರ ಡಿಸೆಂಬರ್‌ನಲ್ಲಿ ಮಾಸ್ಕೋ ಅಲ್ಲಿನ ಉಕ್ರೇನಿಯನ್ ಶಾಲೆ, ಪತ್ರಿಕೆಗಳನ್ನು ರಷ್ಯನ್‌ಗೆ ಬದಲಾಯಿಸಲು ಆದೇಶಿಸಿತು. ಅದೇ ಚಳಿಗಾಲ ಕುಬಾನ್ ಬರಗಾಲದಲ್ಲಿ ಬೇಯುತ್ತಿತ್ತು. ಮುಂದಿನ ಗಣತಿಗಳಲ್ಲಿ ಆ ಸಂಖ್ಯೆ ಕುಸಿದುಬಿತ್ತು.

ಜನ ಇನ್ನೂ ದೂರ ಹೋದರು. 1883ರಿಂದ ಒಡೆಸಾದಲ್ಲಿ ಹಡಗು ಹತ್ತಿ, ಸೂಯೆಜ್ ಕಾಲುವೆ, ಹಿಂದೂ ಮಹಾಸಾಗರ ದಾಟಿ ವ್ಲಾದಿವೊಸ್ತೊಕ್ ಸೇರಿದ ರೈತ ಕುಟುಂಬಗಳಿದ್ದವು. ಅಲ್ಲಿನ ನೆಲೆಗಳಿಗೆ ಉಕ್ರೇನಿಯನ್ನರು ಹಸಿರು ಬೆಣೆ ಎನ್ನುತ್ತಾರೆ. ದಕ್ಷಿಣ ಸೈಬೀರಿಯಾ ಮತ್ತು ಉತ್ತರ ಕಜಕಸ್ತಾನದ್ದು ಬೂದು, ವೋಲ್ಗಾ ಕಡೆಯದು ಹಳದಿ. ಪಶ್ಚಿಮದಲ್ಲಿ ಕಥೆ ಉಲ್ಟಾ. ಪೋಲೆಂಡಿನ ಆಗ್ನೇಯದಲ್ಲಿ ತಲೆತಲಾಂತರದಿಂದ ಇದ್ದ ಉಕ್ರೇನಿಯನ್ನರನ್ನು, ಕಾರ್ಪೇಥಿಯನ್ ಬೆಟ್ಟಗಳ ಲೆಮ್ಕೊ ಜನರನ್ನು 1947ರಲ್ಲಿ ಆಪರೇಷನ್ ವಿಸ್ಟುಲಾ ಹೆಸರಿನಲ್ಲಿ ಎಬ್ಬಿಸಿ, ದೇಶದ ಉತ್ತರಕ್ಕೂ ಪಶ್ಚಿಮಕ್ಕೂ ಚದುರಿಸಿದರು. ಸುಮಾರು 1,40,000 ಜನ.

ಈಗ ಗಣತಿಯ ಪ್ರಶ್ನೆ. 1897ರ ರಷ್ಯಾ ಗಣತಿ ಕೇಳಿದ್ದು ತಾಯ್ನುಡಿಯನ್ನು. 1926ರದ್ದು ಕೇಳಿದ್ದು ಜನಾಂಗವನ್ನು. ಆಸ್ಟ್ರಿಯಾ ಕೇಳಿದ್ದು ದಿನಬಳಕೆಯ ಭಾಷೆಯನ್ನು, ಅದರಲ್ಲೂ ಯಹೂದಿಗಳ ಮನೆಮಾತಾದ ಯಿಡ್ಡಿಷ್ ಬರೆಸಲು ಅವಕಾಶವೇ ಇರಲಿಲ್ಲ. ಹಾಗಾಗಿ ಗಲೀಸಿಯಾದ ಬಹುತೇಕ ಯಹೂದಿಗಳು ಪೋಲಿಷ್ ಲೆಕ್ಕಕ್ಕೆ, ಬುಕೊವಿನಾದವರು ಜರ್ಮನ್ ಲೆಕ್ಕಕ್ಕೆ ಸೇರಿದರು. ಈ ಮೂರು ಗಣತಿಗಳನ್ನು ಒಂದೇ ಬಣ್ಣದಲ್ಲಿ ಕೂಡಿಸಿದ ನಕ್ಷೆ ಸುಳ್ಳು ಹೇಳುತ್ತದೆ, ಅಲ್ವಾ? ಕ್ರಿಮಿಯಾಗೆ ಇಡಿಯಾಗಿ ಉಕ್ರೇನಿಯನ್ ಬಣ್ಣ ಬಳಿಯುವುದೂ ಅಷ್ಟೇ ತಪ್ಪು. 1944ರ ಮೇ 18ರಂದು ಅಲ್ಲಿಂದ ಹೊರದಬ್ಬಿಸಿಕೊಂಡ ಕ್ರಿಮಿಯನ್ ತಾತಾರರ ಮೂಲನೆಲ ಅದು.

2024ರ ಜನವರಿ 22ರಂದು ಅಧ್ಯಕ್ಷ ಝೆಲೆನ್ಸ್ಕಿ ರಷ್ಯಾದೊಳಗೆ ಉಕ್ರೇನಿಯನ್ನರು ಐತಿಹಾಸಿಕವಾಗಿ ನೆಲೆಸಿದ ಪ್ರದೇಶಗಳ ಬಗ್ಗೆ ಆದೇಶ ಹೊರಡಿಸಿದರು. ಕ್ರಾಸ್ನೊದಾರ್, ಬೆಲ್ಗೊರೊದ್, ಬ್ರ್ಯಾನ್ಸ್ಕ್, ವೊರೊನೆಝ್, ಕೂರ್ಸ್ಕ್, ರೊಸ್ತೊವ್ ಹೆಸರು ಅದರಲ್ಲಿವೆ. ಆ ನೆಲ ನಮಗೆ ಬೇಕು ಎಂಬ ಮಾತು ಅದರಲ್ಲಿಲ್ಲ. ಅಲ್ಲಿನ ಉಕ್ರೇನಿಯನ್ನರ ಗುರುತು, ಹಕ್ಕು ಉಳಿಸುವ ಮಾತಿದೆ. ಜನ ಬಾಳಿದ ನಕ್ಷೆ ಬೇರೆ, ದೇಶದ ಗಡಿಯ ನಕ್ಷೆ ಬೇರೆ. ಎರಡನ್ನೂ ಕಲಸಿದವರು ಎರಡೂ ಕಡೆ ಇದ್ದಾರೆ.

ನನ್ನ ನಕ್ಷೆಗಳಲ್ಲಿ ಇಂಥ ಪ್ರದೇಶಗಳಿಗೆ ಗೆರೆ ಎಳೆಯುವುದಿಲ್ಲ. ಅಂಚಿಗೆ ಹೋದಂತೆ ತೆಳುವಾಗುವ ಬಣ್ಣ ಹಾಕಿಸುತ್ತೇನೆ, ಪಕ್ಕದಲ್ಲೇ ವರ್ಷ ಮತ್ತು ಗಣತಿಯ ಪ್ರಶ್ನೆ ಬರೆಸುತ್ತೇನೆ. ಕುಬಾನ್‌ಗೆ ಮಾತ್ರ ಎರಡು ನಕ್ಷೆ ಬೇಕು, 1926ರದ್ದೊಂದು, ಆಮೇಲಿನದ್ದೊಂದು, ನಡುವೆ 1932ರ ಆದೇಶದ ಟಿಪ್ಪಣಿ. ಪುಟದಲ್ಲಿ ಜಾಗ ಸಾಲದಿದ್ದರೆ ಬೇರೆ ಯಾವುದನ್ನಾದರೂ ಬಿಡಲು ಒಪ್ಪುತ್ತೇನೆ, ಆ ಟಿಪ್ಪಣಿಯನ್ನಲ್ಲ.