ಐಸ್ ಕರಗುವಾಗ ಉಷ್ಣತೆ ಯಾಕೆ ಏರಲ್ಲ? ಗುಪ್ತೋಷ್ಣದ ಟಿಪ್ಪಣಿ

ಘನ, ದ್ರವ, ಅನಿಲ ಎಲ್ಲರಿಗೂ ಗೊತ್ತು. ಕರಗುವುದು, ಹೆಪ್ಪುಗಟ್ಟುವುದು, ಆವಿಯಾಗುವುದು, ಆವಿ ಮತ್ತೆ ಹನಿಯಾಗುವುದು ಕೂಡ ಗೊತ್ತು. ಘನ ನೇರವಾಗಿ ಅನಿಲವಾದರೆ ಉತ್ಪತನ. ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಕರ್ಪೂರ ಸವೆಯುವುದು ಹೀಗೆ. ನಾನು ಮೂರು ದಿನ ಸಿಕ್ಕಿಕೊಂಡದ್ದು ಗುಪ್ತೋಷ್ಣದಲ್ಲಿ, ಅಂದರೆ ಉಷ್ಣತೆ ಏರಿಸದೆ ಸ್ಥಿತಿ ಬದಲಾಯಿಸೋದಕ್ಕಷ್ಟೇ ಖರ್ಚಾಗುವ ಶಾಖದಲ್ಲಿ.

ಐಸ್‌ಗೆ ಶಾಖ ಕೊಡುತ್ತಾ ಹೋದಂತೆ ಉಷ್ಣತೆ ಹೇಗೆ ಬದಲಾಗುತ್ತೆ ಅಂತ ನಕ್ಷೆ ಬರೆದರೆ, ಐಸ್ ಕರಗುವಾಗ ಗೆರೆ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಲಗಿಬಿಡುತ್ತೆ. ಶಾಖ ಕೊಡುತ್ತಲೇ ಇದ್ದೀವಿ, ಉಷ್ಣತೆ ಮಾತ್ರ ಏರಲ್ಲ. ಉಷ್ಣತೆ ಅಂದರೆ ಕಣಗಳ ಓಡಾಟ ಎಷ್ಟು ಜೋರಾಗಿದೆ ಅನ್ನೋದರ ಅಳತೆ. ಕರಗುವಾಗ ಬಂದ ಶಾಖ ಆ ಓಡಾಟಕ್ಕೆ ಸೇರಲ್ಲ, ಕಣಗಳು ಒಂದನ್ನೊಂದು ಹಿಡಿದುಕೊಂಡ ಬಿಗಿ ಸಡಿಲಿಸೋದಕ್ಕೆ ಖರ್ಚಾಗುತ್ತೆ. 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಇದನ್ನು ಅಳೆದು ತೋರಿಸಿದರು.

ಇಷ್ಟು ಓದಿದರೂ ನನಗೆ ಒಂದು ಪ್ರಶ್ನೆ ಉಳಿದಿತ್ತು. ಐಸ್ ಕರಗಲಿ, ಸರಿ. ಆದರೆ ಆಗಲೇ ಕರಗಿದ ನೀರು ಯಾಕೆ ಬಿಸಿಯಾಗಬಾರದು? ಸ್ಟೀಲ್ ಲೋಟಕ್ಕೆ ಪುಡಿ ಮಾಡಿದ ಐಸ್ ಹಾಕಿ, ಉಷ್ಣಮಾಪಕ ಇಟ್ಟು, ಬಿಸಿನೀರಿನ ಬೋಗುಣಿಯಲ್ಲಿ ಕೂರಿಸಿದೆ. ಸುಮ್ಮನೆ ಬಿಟ್ಟಾಗ ಲೋಟದ ಅಂಚಿನ ನೀರು 3–4 ಡಿಗ್ರಿಗೆ ಹೋಯ್ತು. ಚಮಚದಿಂದ ಕಲಕಿದ ತಕ್ಷಣ ಮತ್ತೆ 0 ಹತ್ತಿರ ಬಂತು. ಆಗ ಹೊಳೀತು: ನೀರು ಸ್ವಲ್ಪ ಬಿಸಿಯಾದರೂ, ಪಕ್ಕದಲ್ಲಿರುವ ಐಸ್ ಚೂರು ಆ ಬಿಸಿಯನ್ನು ಎಳೆದುಕೊಂಡು ತಾನು ಕರಗುತ್ತೆ. ಕಲಕುತ್ತಾ ಇದ್ದರೆ ಕೊನೆಯ ಚೂರು ಮುಗಿಯುವ ತನಕ ನೀರು ತಣ್ಣಗೇ ಇರುತ್ತೆ. ನಕ್ಷೆಯ ಚಪ್ಪಟೆ ಗೆರೆ ಇದೇ.

ಈಗ ನನ್ನ ಮೆಚ್ಚಿನ ಮೂರು ಸಂಖ್ಯೆ: 80, 100, 540. ಒಂದು ಗ್ರಾಂ ಐಸ್ ಕರಗಲು 80 ಕ್ಯಾಲೊರಿ (ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸುವ ಶಾಖವೇ ಒಂದು ಕ್ಯಾಲೊರಿ), ಆ ನೀರು 0ಯಿಂದ 100 ಡಿಗ್ರಿಗೆ ಏರಲು 100, ಪೂರ್ತಿ ಆವಿಯಾಗಲು 540. ಜೂಲ್ ಬೇಕಿದ್ದರೆ 4.2ರಿಂದ ಗುಣಿಸಿ. 540 ಎಷ್ಟು ದೊಡ್ಡದು ನೋಡಿ! ಕುದಿಯುವ ನೀರು ಒಂದು ಗ್ರಾಂ ಕೈಮೇಲೆ ಬಿದ್ದು 37 ಡಿಗ್ರಿಗೆ ಇಳಿದರೆ ಬಿಟ್ಟುಕೊಡುವುದು 63 ಕ್ಯಾಲೊರಿ. ಅಷ್ಟೇ ಹಬೆ ಮೊದಲು ನೀರಾಗಬೇಕು, ಹಾಗಾಗಿ 540 + 63 = 603. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಮುಖ ದೂರ ಇಟ್ಟುಕೊಳ್ಳಿ ಅನ್ನೋದು ಇದಕ್ಕೇ.

ಲೆಕ್ಕದಲ್ಲಿ ತಪ್ಪೋದು 80 ಮರೆತಾಗ. 30 ಡಿಗ್ರಿಯ 100 ಗ್ರಾಂ ನೀರಿಗೆ 0 ಡಿಗ್ರಿಯ 10 ಗ್ರಾಂ ಐಸ್ ಹಾಕಿದೆವು ಅಂತಿಟ್ಟುಕೊಳ್ಳಿ. ಪಾತ್ರೆಯ ಶಾಖ ಲೆಕ್ಕಕ್ಕಿಲ್ಲ. ನೀರು ಕಳೆದುಕೊಂಡ ಶಾಖ ಐಸ್ ಪಡೆದ ಶಾಖಕ್ಕೆ ಸಮ. ಕೊನೆಯ ಉಷ್ಣತೆ ‘ಉ’ ಆದರೆ:

100 × (30 − ಉ) = 10 × 80 + 10 × ಉ

3000 − 800 = 110ಉ, ಅಂದರೆ ಉ = 20. 80 ಬಿಟ್ಟರೆ 27.3 ಬರುತ್ತೆ, ತಪ್ಪು.

ಅದೇ ನೀರಿಗೆ 40 ಗ್ರಾಂ ಐಸ್ ಹಾಕಿದರೆ ಇದೇ ಸೂತ್ರ ಮೈನಸ್ ಉತ್ತರ ಕೊಡುತ್ತೆ, ಗಾಬರಿ ಬೇಡ. ನೀರು 0ಗೆ ಇಳಿದರೂ ಕೊಡೋದು 3000 ಕ್ಯಾಲೊರಿ, ಐಸ್‌ಗೆ ಬೇಕಿರೋದು 3200. ಹಾಗಾಗಿ 37.5 ಗ್ರಾಂ ಕರಗಿ, 2.5 ಗ್ರಾಂ ಐಸ್ 0 ಡಿಗ್ರಿಯ ನೀರಿನಲ್ಲಿ ತೇಲುತ್ತಾ ಉಳಿಯುತ್ತೆ.