ಸ್ಟೀವರ್ಡ್: ಪದದ ಮೂಲವೂ ಅದು ನಡೆದ ದಾರಿಯೂ

ವಿಮಾನದಲ್ಲಿ ಊಟದ ಟ್ರೇ ಕೊಡುವವನೂ ಸ್ಟೀವರ್ಡ್, ಫಾರ್ಮುಲಾ ಒನ್ ರೇಸಿನಲ್ಲಿ ಚಾಲಕನಿಗೆ ದಂಡ ಹಾಕುವವನೂ ಸ್ಟೀವರ್ಡ್. ಕಾರ್ಖಾನೆಯಲ್ಲಿ ಕಾರ್ಮಿಕರ ಪರವಾಗಿ ಆಡಳಿತದವರ ಜೊತೆ ಮಾತಿಗೆ ಕೂರುವ ಯೂನಿಯನ್ ಪ್ರತಿನಿಧಿ ಶಾಪ್ ಸ್ಟೀವರ್ಡ್. ನಿಘಂಟಿನಲ್ಲಿ ಇವು ಒಂದರ ಕೆಳಗೊಂದು ಬರುವುದರಿಂದ ನಾವು ಬಿಡಿಬಿಡಿಯಾಗಿ ಉರು ಹೊಡೆಯುತ್ತೇವೆ. ಮೂಲ ಗೊತ್ತಿದ್ದರೆ ಅಷ್ಟು ಕಷ್ಟಪಡಬೇಕಿಲ್ಲ.

ಪದ ಹಳೆಯ ಇಂಗ್ಲಿಷಿನದು. ಆಗಿನ ರೂಪ ‘ಸ್ಟಿಗ್‌ವೆಅರ್ಡ್’, ‘ಸ್ಟಿವೆಅರ್ಡ್’. ಎರಡನೆಯ ಭಾಗ ‘ವೆಅರ್ಡ್’ ಎಂದರೆ ಕಾಯುವವನು. ಇದರಲ್ಲಿ ಯಾರಿಗೂ ತಕರಾರಿಲ್ಲ. ಇಂದಿನ ವಾರ್ಡ್, ವಾರ್ಡನ್ ಅದೇ ಬಳಗದವು. ಗಾರ್ಡ್ ಕೂಡ ಅದೇ ಮೂಲದ್ದು, ಫ್ರೆಂಚ್ ಸುತ್ತಿಕೊಂಡು ಬಂದದ್ದರಿಂದ ಮೊದಲಕ್ಷರ ಬದಲಾಗಿದೆ. ನನಗೆ ತುಂಬ ಇಷ್ಟವಾದ ನೆಂಟ ಮಾತ್ರ ‘ಲಾರ್ಡ್’. ಅದು ‘ಹ್ಲಾಫ್‌ವೆಅರ್ಡ್’ ಎಂಬುದರ ಸವೆದ ರೂಪ, ಅಂದರೆ ರೊಟ್ಟಿ ಕಾಯುವವನು. ಒಡೆಯನ ಹೆಸರಿನಲ್ಲೂ ಅವನ ಸೇವಕನ ಹೆಸರಿನಲ್ಲೂ ಕಾಯುವ ಕೆಲಸವೇ ಅಡಗಿದೆ.

ಗೊಂದಲ ಇರುವುದು ಮೊದಲ ಭಾಗದಲ್ಲಿ. ಇಂದಿನ ಇಂಗ್ಲಿಷಿನಲ್ಲಿ ‘ಸ್ಟೈ’ ಎಂದರೆ ಹಂದಿ ಗೂಡು. ಆದ್ದರಿಂದ ಸ್ಟೀವರ್ಡ್ ಎಂದರೆ ಮೂಲದಲ್ಲಿ ಹಂದಿ ಕಾಯುವವನು, ಅವನೇ ಬಡ್ತಿ ಪಡೆದು ಅರಮನೆಯ ಅಧಿಕಾರಿಯಾದ ಎಂಬ ಕಥೆ ಎಲ್ಲೆಡೆ ಓಡಾಡುತ್ತಿದೆ. ಕೇಳಲು ಚೆನ್ನಾಗಿದೆ, ಆದರೆ ಆಧಾರವಿಲ್ಲ. ಈ ಪದದಲ್ಲಿ ‘ಸ್ಟಿಗ್’ ಎಂದರೆ ಮನೆ ಅಥವಾ ಮನೆಯ ಒಂದು ಭಾಗ, ಹಜಾರ ಎಂದೇ ವಿದ್ವಾಂಸರು ಅರ್ಥ ಮಾಡುತ್ತಾರೆ. ಹಂದಿ ಕಾಯುವವನಿಗೆ ಹಳೆಯ ಇಂಗ್ಲಿಷಿನಲ್ಲಿ ‘ಸ್ವಾನ್’ ಎಂಬ ಬೇರೆಯೇ ಪದವಿತ್ತು. ಹಾಗಾಗಿ ಸ್ಟೀವರ್ಡ್ ಎಂದರೆ ಮನೆ ಕಾಯುವವನು, ಇನ್ನೊಬ್ಬರ ಮನೆವಾರ್ತೆ ನೋಡಿಕೊಳ್ಳುವವನು. ಪಾರುಪತ್ಯಗಾರ ಎಂದರೆ ಅರ್ಥ ಬಹುಪಾಲು ಸಿಕ್ಕಿಬಿಡುತ್ತದೆ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ದೊಡ್ಡ ಮನೆಗಳ ಭಾಷೆ ಫ್ರೆಂಚ್ ಆಯಿತು, ಬರವಣಿಗೆ ಲ್ಯಾಟಿನ್ನಿನಲ್ಲಿ ನಡೆಯಿತು. ಸ್ಟೀವರ್ಡ್ ಹುದ್ದೆಗೆ ಫ್ರೆಂಚಿನಲ್ಲಿ ‘ಸೆನೆಶಲ್’. ಜರ್ಮಾನಿಕ್ ಮೂಲದ ಈ ಪದದ ಅರ್ಥ ಹಿರಿಯ ಸೇವಕ. ಲ್ಯಾಟಿನ್ ದಾಖಲೆಗಳಲ್ಲಿ ‘ಡಾಪಿಫೆರ್’, ಅಂದರೆ ಊಟ ತಂದಿಡುವವನು. ಬಡಿಸುವುದು, ಆಳುವುದು ಎಂಬ ಎರಡು ಮುಖಗಳು ಅಷ್ಟು ಹಿಂದೆಯೇ ಒಂದೇ ಹುದ್ದೆಯಲ್ಲಿ ಸೇರಿದ್ದವು ಎಂಬುದನ್ನು ಗುರುತು ಹಾಕಿಕೊಳ್ಳಿ. ಆಚರಣೆಯಲ್ಲಿ ಆಳುವುದೇ ಹೆಚ್ಚಾಯಿತು. 13ನೇ ಶತಮಾನದ ಒಂದು ಎಸ್ಟೇಟ್ ಕೈಪಿಡಿಯ ಪ್ರಕಾರ ಇವನಿಗೆ ಕಾನೂನು ತಿಳಿದಿರಬೇಕು. ವರ್ಷಕ್ಕೆ ಎರಡು ಮೂರು ಸಲ ಒಡೆಯನ ಊರೂರಿಗೆ ಹೋಗಿ ಗೇಣಿ, ಸೇವೆ, ಭೂಮಿ ಎಲ್ಲವನ್ನೂ ವಿಚಾರಿಸಬೇಕು. ತಟ್ಟೆ ಹಿಡಿಯುವ ಕೆಲಸ ಹಬ್ಬದ ದಿನದ ಗೌರವವಾಗಿ ಉಳಿಯಿತು, ಅಷ್ಟೆ.

ಇನ್ನು ಸ್ಕಾಟ್ಲೆಂಡ್. 12ನೇ ಶತಮಾನದಲ್ಲಿ ದೊರೆ ಒಂದನೇ ಡೇವಿಡ್, ವಾಲ್ಟರ್ ಫಿಟ್ಸ್ ಅಲನ್ ಎಂಬಾತನನ್ನು ತನ್ನ ಸ್ಟೀವರ್ಡ್ ಮಾಡಿಕೊಂಡ. ಹುದ್ದೆ ವಂಶಪಾರಂಪರ್ಯವಾಯಿತು, ಹುದ್ದೆಯ ಹೆಸರೇ ಮನೆತನದ ಹೆಸರಾಯಿತು. ಸ್ಕಾಟರ ಬಾಯಲ್ಲಿ ಕೊನೆಯ ‘ಡ್’ ಗಟ್ಟಿಯಾಗಿ ‘ಸ್ಟೀವರ್ಟ್’ ಆಯಿತು. ಈ ಮನೆತನದ ಆರನೆಯ ಸ್ಟೀವರ್ಡ್, ದೊರೆ ರಾಬರ್ಟ್ ಬ್ರೂಸ್‌ನ ಮಗಳು ಮಾರ್ಜೊರಿಯನ್ನು ಮದುವೆಯಾದ. ಬ್ರೂಸ್‌ನ ಮಗ ಎರಡನೇ ಡೇವಿಡ್ ಮಕ್ಕಳಿಲ್ಲದೆ ಸತ್ತಾಗ, 1371ರಲ್ಲಿ ಮಾರ್ಜೊರಿಯ ಮಗ ಎರಡನೇ ರಾಬರ್ಟ್ ಆಗಿ ಸಿಂಹಾಸನ ಏರಿದ. ಅಲ್ಲಿಗೆ ಮನೆ ಕಾಯುತ್ತಿದ್ದವರೇ ಮನೆಯ ಒಡೆಯರಾದರು! ‘ಸ್ಟುವರ್ಟ್’ ಎಂಬ ಬರಹ ಫ್ರಾನ್ಸಿನಲ್ಲಿ ಬೆಳೆದ ರಾಣಿ ಮೇರಿಯ ಕಾಲದಲ್ಲಿ ರೂಢಿಗೆ ಬಂತು; ಫ್ರೆಂಚರಿಗೆ ‘ಡಬ್ಲ್ಯೂ’ ಅಕ್ಷರ ಒಗ್ಗುತ್ತಿರಲಿಲ್ಲ. 1603ರಲ್ಲಿ ಆಕೆಯ ಮಗ ಜೇಮ್ಸ್ ಇಂಗ್ಲೆಂಡಿಗೂ ದೊರೆಯಾದ. 1714ರಲ್ಲಿ ರಾಣಿ ಆ್ಯನ್ ತೀರಿಕೊಳ್ಳುವವರೆಗೆ ಈ ವಂಶದ ಆಳ್ವಿಕೆ ನಡೆಯಿತು, ನಡುವೆ ರಾಜನೇ ಇಲ್ಲದ ವರ್ಷಗಳನ್ನು ಬಿಟ್ಟು.

ಬ್ರಿಟನ್ ಸಂಸತ್ತಿನಲ್ಲಿ ಈ ಪದಕ್ಕೆ ಇನ್ನೊಂದು ವಿಚಿತ್ರ ಬಳಕೆ ಇದೆ. 1624ರ ಒಂದು ನಿರ್ಣಯದಂತೆ ಹೌಸ್ ಆಫ್ ಕಾಮನ್ಸ್ ಸದಸ್ಯರು ರಾಜೀನಾಮೆ ಕೊಡುವಂತಿಲ್ಲ. ಆದರೆ ಅರಸೊತ್ತಿಗೆಯ ಕೆಲವು ಹುದ್ದೆಗಳನ್ನು ಒಪ್ಪಿಕೊಂಡರೆ ಸದಸ್ಯತ್ವ ತಾನಾಗಿ ಹೋಗುತ್ತದೆ. ಹೊರಬರಬೇಕೆನ್ನುವವರು ಅದಕ್ಕೆಂದೇ ‘ಚಿಲ್ಟರ್ನ್ ಹಂಡ್ರೆಡ್ಸ್’ ಎಂಬ ಪ್ರದೇಶದ ಸ್ಟೀವರ್ಡ್ ಹುದ್ದೆ ಕೇಳುತ್ತಾರೆ. ಸಂಬಳವಿಲ್ಲ, ಕೆಲಸವೂ ಇಲ್ಲ. 18ನೇ ಶತಮಾನದ ನಡುವಿನಿಂದ ಈ ಉಪಾಯ ನಡೆದುಕೊಂಡು ಬಂದಿದೆ. ಇಂದಿಗೂ ಹಣಕಾಸು ಮಂತ್ರಿ ಗಂಭೀರವಾಗಿಯೇ ನೇಮಕ ಮಾಡುತ್ತಾರೆ.

ಈಗ ಮೊದಲಿನ ಅರ್ಥಗಳಿಗೆ ಬರೋಣ. ಹಡಗಿನಲ್ಲಿ ದಿನಸಿ ದಾಸ್ತಾನು ನೋಡಿಕೊಳ್ಳುವವನು ಸ್ಟೀವರ್ಡ್ ಆದ, ಮುಂದೆ ಪ್ರಯಾಣಿಕರ ಊಟೋಪಚಾರವೂ ಅವನ ಪಾಲಿಗೆ ಬಂತು. ವಿಮಾನದವರು ಆ ಪದವನ್ನು ಹಡಗಿನವರಿಂದ ಎತ್ತಿಕೊಂಡರು. 1930ರಲ್ಲಿ ನರ್ಸ್ ಎಲೆನ್ ಚರ್ಚ್ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಸೇರಿದ ಮೇಲೆ ‘ಸ್ಟೀವರ್ಡೆಸ್’ ಎಲ್ಲರ ಬಾಯಿಗೆ ಬಂತು. ಇಂದು ಅದು ಹಳತಾಗಿದೆ, ‘ಫ್ಲೈಟ್ ಅಟೆಂಡೆಂಟ್’ ಎಂದೇ ಬರೆಯಿರಿ. ಶಾಪ್ ಸ್ಟೀವರ್ಡ್‌ನಲ್ಲಿ ‘ಶಾಪ್’ ಎಂದರೆ ಅಂಗಡಿಯಲ್ಲ, ವರ್ಕ್‌ಶಾಪ್. ಮೊದಮೊದಲು ಅವನ ಕೆಲಸ ಚಂದಾ ವಸೂಲಿ ಮತ್ತು ಸದಸ್ಯತ್ವ ಕಾರ್ಡುಗಳ ಪರಿಶೀಲನೆ. ಸಂಘದ ಹಣಕ್ಕೆ ಅವನು ಕಾವಲು. ರೇಸಿನ ಸ್ಟೀವರ್ಡ್‌ಗಳದ್ದು ನಿಯಮಗಳ ಪಾರುಪತ್ಯ.

‘ಸ್ಟೀವರ್ಡ್‌ಶಿಪ್’ ಬೇರೆ ದಾರಿ ಹಿಡಿಯಿತು. ಬೈಬಲ್‌ನ ಗ್ರೀಕ್ ಮೂಲದಲ್ಲಿ ‘ಒಯ್ಕೊನೊಮೊಸ್’ ಎಂಬ ಪದವಿದೆ. ಅರ್ಥ ಮನೆವಾರ್ತೆಯವನು, ‘ಎಕಾನಮಿ’ ಹುಟ್ಟಿದ್ದೂ ಅದೇ ಬೇರಿನಿಂದ. ಇಂಗ್ಲಿಷ್ ಅನುವಾದಕರು ಅದಕ್ಕೆ ಸ್ಟೀವರ್ಡ್ ಎಂದು ಹಾಕಿದ ಮೇಲೆ, ಮನುಷ್ಯನ ಕೈಲಿರುವುದೆಲ್ಲ ದೇವರ ಸೊತ್ತು, ಅವನು ಬರೀ ನೋಡಿಕೊಳ್ಳುವವನು ಎಂಬ ಧಾರ್ಮಿಕ ಅರ್ಥ ಪದಕ್ಕೆ ಅಂಟಿತು. ಪರಿಸರದವರು ಬಳಸುವುದು ಈ ಎಳೆಯನ್ನೇ. ಕೆಲವು ನೋಟ್‌ಬುಕ್‌ಗಳ ಹಿಂಬದಿಯಲ್ಲಿ ಮರದ ಚಿತ್ರದ ಜೊತೆ ಎಫ್‌ಎಸ್‌ಸಿ ಎಂಬ ಸಣ್ಣ ಗುರುತು ಇರುತ್ತದೆ. ಅದು 1993ರಲ್ಲಿ ಶುರುವಾದ ಫಾರೆಸ್ಟ್ ಸ್ಟೀವರ್ಡ್‌ಶಿಪ್ ಕೌನ್ಸಿಲ್, ಅಂದರೆ ಜವಾಬ್ದಾರಿಯಿಂದ ನೋಡಿಕೊಂಡ ಕಾಡಿನ ಮರ, ಕಾಗದಕ್ಕೆ ಪ್ರಮಾಣದ ಗುರುತು ಕೊಡುವ ಸಂಸ್ಥೆ. 2010ರಲ್ಲಿ ಬ್ರಿಟನ್ ತಂದ ಸ್ಟೀವರ್ಡ್‌ಶಿಪ್ ಕೋಡ್ ಎಂಬ ನೀತಿಸಂಹಿತೆ ಜನರ ಪಿಂಚಣಿ ಹಣವನ್ನು ಷೇರುಗಳಲ್ಲಿ ಹೂಡುವ ಸಂಸ್ಥೆಗಳಿಗೆ ಸಂಬಂಧಿಸಿದ್ದು. ಇಲ್ಲೆಲ್ಲ ಬರೀ ‘ನಿರ್ವಹಣೆ’ ಎಂದು ಅನುವಾದಿಸಿದರೆ ಅರ್ಧ ಅರ್ಥ ಜಾರಿಹೋಗುತ್ತದೆ: ಸೊತ್ತು ಬೇರೆಯವರದು, ಲೆಕ್ಕ ಒಪ್ಪಿಸಲೇಬೇಕು.